ಕರಿಹಲಗೆಯಲ್ಲಿ ಬರೆಯದ ಕಾರಣ

ಬಹಳ ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಷ್ಟ್ರಾಗಿದ್ದವನಿಗೆ ಒಂದು ಕೆಟ್ಟ ಅಭ್ಯಾಸ ಉಳಿದುಬಿಡುತ್ತದೆ. ತರಗತಿಯಲ್ಲಿ ಕಿಟಕಿಯ ಗಾಜು ಒಡೆದರೆ ಒಡೆದವನು ಯಾರೆಂದು ಮೊದಲೇ ತೀರ್ಮಾನ ಮಾಡಿ, ವಿಚಾರಣೆಯನ್ನು ಆಮೇಲಕ್ಕೆ ಇಟ್ಟುಕೊಳ್ಳುವುದು. ಹೆಚ್ಚಿನ ಸಲ ನನ್ನ ತೀರ್ಮಾನ ಸರಿಯಾಗಿಯೇ ಇರುತ್ತಿತ್ತು. ಸರಿಯಾಗದೆ ಹೋದ ಸಲಗಳ ಬಗ್ಗೆ ನಾನು ತಲೆ ಕೆಡಿಸಿಕೊಂಡವನಲ್ಲ. ಈಗ ಬರೆಯಲು ಕೂತಿರುವುದು ಅಂಥ ಒಂದು ಸಲದ ಬಗ್ಗೆ, ಮತ್ತು ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ.

ನಿವೃತ್ತಿಯಾದ ಮೇಲೆ ಚರ್ಮದ ಕೆಲಸ ಹಿಡಿದೆ. ನೆಂಟರೆಲ್ಲ ಹುಬ್ಬೇರಿಸಿದರು. ನಮ್ಮ ಜಾತಿಯವರು ಹೋಟೆಲು ಮಾಡಿದ್ದಾರೆ, ಅಡಿಕೆ ವ್ಯಾಪಾರ ಮಾಡಿದ್ದಾರೆ, ವಕೀಲಿಕೆ ಮಾಡಿದ್ದಾರೆ. ಚರ್ಮ ಹಿಡಿದು ಕೂತವರಿಲ್ಲ. ಆದರೆ ಮಂಗಳೂರಿನ ಒಂದು ಪ್ರದರ್ಶನದಲ್ಲಿ ಒಂದು ಡಬ್ಬಿ ನೋಡಿದ್ದೆ. ಮೂಲೆಯಲ್ಲಿ ಹೊಲಿಗೆಯಿಲ್ಲ, ಮಡಿಕೆಯಿಲ್ಲ, ಒಂದೇ ಚರ್ಮ ಬಟ್ಟಲಿನ ಹಾಗೆ ಕೂತಿತ್ತು. ಚರ್ಮವನ್ನು ನೀರಲ್ಲಿ ನೆನೆಸಿ ಮರದ ಅಚ್ಚಿನ ಮೇಲೆ ಒತ್ತಿ ಒಣಗಿಸಿದರೆ ಅದೇ ಆಕಾರಕ್ಕೆ ನಿಂತುಬಿಡುತ್ತದೆ ಎಂದು ಅಂಗಡಿಯವರು ಹೇಳಿದರು. ಮರದಷ್ಟು ಗಟ್ಟಿ, ಹಿಟ್ಟಿನಷ್ಟು ಮೆದು ಎರಡೂ ಒಂದೇ ವಸ್ತುವಿನಲ್ಲಿ. ನನಗೆ ಹುಚ್ಚು ಹಿಡಿಯಿತು.

ಆಗ ಅಮ್ಮ ಇದ್ದರು. ಕಬಕದ ಹತ್ತಿರ ನಮ್ಮ ಮನೆ; ಅಂಗಳದ ಆಚೆ ತುದಿಯಲ್ಲಿ ಬೋರ್‌ವೆಲ್ಲಿನ ಪಂಪ್ ಶೆಡ್ಡು. ಅದನ್ನೇ ಸ್ವಲ್ಪ ಉದ್ದ ಮಾಡಿ ಕೆಲಸದ ಜಾಗ ಮಾಡಿಕೊಂಡೆ. ಅಮ್ಮ ಬೇಡ ಎನ್ನಲಿಲ್ಲ. ಒಂದೇ ಒಂದು ಮಾತು ಹೇಳಿದರು: ಚರ್ಮ ಮುಟ್ಟಿದ ಬಾಲ್ದಿ ಬಾವಿಕಟ್ಟೆಗೆ ಬರಬಾರದು, ದೇವರಿಗೆ ಅದೇ ನೀರು. ನಾನು ಆಯಿತು ಎಂದೆ. ಬೋರ್‌ನ ನಲ್ಲಿ ಶೆಡ್ಡಿನ ಬಾಗಿಲಲ್ಲೇ ಇರುವಾಗ ಬಾವಿಗೆ ಹೋಗುವ ಅಗತ್ಯವಾದರೂ ಏನು? ಮರುವರ್ಷ ಅಮ್ಮ ತೀರಿಕೊಂಡರು. ಅವರ ಮಾತು ಮನೆಯಲ್ಲೇ ಉಳಿಯಿತು.

ಮೊದಲ ವರ್ಷ ನಾನೊಬ್ಬನೇ ಮಾಡಿದವುಗಳಲ್ಲಿ ಒಂದಾದರೂ ಬಣ್ಣ ಹಚ್ಚುವ ಮಟ್ಟಕ್ಕೆ ಬರಲಿಲ್ಲ. ಒಂದು ಸೊಟ್ಟ, ಒಂದು ಬಿರುಕು, ಒಂದು ಒಣಗಿ ಹಪ್ಪಳ. ಆಮೇಲೆ ನನಗೆ ಗುರು ಸಿಕ್ಕಿದರು.

ಅವರು ಸಿಕ್ಕಿದ್ದು ನೆಟ್ಟಣದ ರೈಲ್ವೆ ಸ್ಟೇಷನ್ನಿನ ಹೊರಗೆ. ನೆಂಟರನ್ನು ರೈಲು ಹತ್ತಿಸಿ ಬರುವಾಗ ನನ್ನ ಚಪ್ಪಲಿಯ ಬಾರು ಕಿತ್ತುಹೋಗಿತ್ತು. ಮರದ ಬುಡದಲ್ಲಿ ಕೂತಿದ್ದ ಒಬ್ಬರು, ನನಗಿಂತ ಏಳೆಂಟು ವರ್ಷ ದೊಡ್ಡವರು, ಅದನ್ನು ಹೊಲಿದುಕೊಟ್ಟರು. ಅವರ ಪಕ್ಕದಲ್ಲಿ ಒಂದು ಕತ್ತಿಯ ಒರೆ ಇತ್ತು. ಕತ್ತಿಯ ಬೆನ್ನಿನ ಬಳುಕು, ಹಿಡಿಯ ಹತ್ತಿರದ ದಪ್ಪ, ತುದಿಯ ಕೊಕ್ಕೆ ಎಲ್ಲ ಆ ಚರ್ಮದಲ್ಲಿ ಹಾಗೆಯೇ ಮೂಡಿತ್ತು. ಕತ್ತಿಯನ್ನು ಎಣ್ಣೆಬಟ್ಟೆ ಸುತ್ತಿ ಒದ್ದೆ ಚರ್ಮದೊಳಗೆ ಇಟ್ಟು ಒತ್ತುವುದಂತೆ; ಅವರ ಅಪ್ಪನಿಂದ ಬಂದ ವಿದ್ಯೆ. ಅಪ್ಪನ ಕಾಲದಲ್ಲಿ ತೋಟದ ಕೆಲಸದವರೆಲ್ಲ ಕೇಳಿ ಮಾಡಿಸುತ್ತಿದ್ದರು, ಈಗ ಪೈಪಿನ ತುಂಡು ಸೊಂಟಕ್ಕೆ ಕಟ್ಟಿಕೊಂಡರೆ ಕೆಲಸ ನಡೆಯುತ್ತದೆ ಎಂದರು. ನನಗೆ ಕಲಿಸುತ್ತೀರಾ ಎಂದು ಕೇಳಿದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ಮೂರನೆಯ ಸಲ ಹೋಗಿ ಕೇಳಿದಾಗ ಒಪ್ಪಿದರು.

ವಾರಕ್ಕೆ ಮೂರು ದಿನ ಬೆಳಗಿನ ರೈಲಿನಲ್ಲಿ ಪುತ್ತೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ನಮ್ಮಲ್ಲಿಗೆ ಬರುತ್ತಿದ್ದರು. ಮೊದಮೊದಲು ಕಲಿಸುವುದಕ್ಕೆ, ಆಮೇಲೆ ಇಬ್ಬರೂ ಸೇರಿ ಮಾಡಿ ಮಾರುವುದೆಂದಾಯಿತು. ಅವರು ನನ್ನನ್ನು ಮಾಷ್ಟ್ರೆ ಎನ್ನುತ್ತಿದ್ದರು. ನಾನು ಅವರಿಗೆ ಯಾವತ್ತೂ ‘ನೀವು’ ಎಂದೇ ಹೇಳಿದವನು. ನಮ್ಮ ಅಪ್ಪನ ಕಾಲದಲ್ಲಾದರೆ ಹಾಗೆ ಹೇಳುತ್ತಿರಲಿಲ್ಲ. ಈ ‘ನೀವು’ ಬಗ್ಗೆ ನನಗೆ ಒಳಗೊಳಗೇ ಬಹಳ ಹೆಮ್ಮೆ ಇತ್ತು. ನಮ್ಮ ಮಾತುಕತೆ ಮುಕ್ಕಾಲು ತುಳುವಿನಲ್ಲಿ, ಕಾಲು ಕನ್ನಡದಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಅವರ ಕೈಯಲ್ಲಿ ಚರ್ಮ ಬೇರೆಯೇ ಆಗುತ್ತಿತ್ತು. ಚರ್ಮವನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಬರುವುದು ನಿಲ್ಲುವವರೆಗೆ ಬಿಟ್ಟು, ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುವರು. ಮೇಲ್ಮೈ ಇನ್ನೇನು ಒಣಗಿತು ಎನ್ನುವಾಗ ಹಲಸಿನ ಮರದ ಅಚ್ಚಿನ ಮೇಲೆ ಹಾಕಿ ಹೆಬ್ಬೆರಳಲ್ಲಿ ಒತ್ತುವರು. ಅವಸರವಿಲ್ಲ. ನನಗೆ ಎಲ್ಲದಕ್ಕೂ ಅವಸರ. “ಚರ್ಮಕ್ಕೆ ಹೊತ್ತು ಕೊಡ್ಬೇಕು ಮಾಷ್ಟ್ರೆ, ಅದು ಮಕ್ಕಳ ಹಾಗೆ ಹೆದರಿ ಕೂರುದಿಲ್ಲ” ಎಂದು ಒಮ್ಮೆ ಹೇಳಿದರು. ನನ್ನ ಶಾಲೆಯ ಕತೆ ಯಾರೋ ಅವರಿಗೆ ಹೇಳಿರಬೇಕು. ನಾನು ನಕ್ಕೆ.

ಆ ಮಳೆಗಾಲದಲ್ಲಿ ನಾವು ಮಾಡಿದ ಕನ್ನಡಕದ ಕೇಸುಗಳನ್ನು ಈಗ ನೆನೆದರೂ ಸಂತೋಷವಾಗುತ್ತದೆ. ಶೆಡ್ಡಿನ ಶೀಟಿನಿಂದ ಇಳಿಯುವ ನೀರು ಒಂದು ಡ್ರಮ್ಮಿನಲ್ಲಿ ತುಂಬುತ್ತಿತ್ತು. ಕೈಗೆ ಹತ್ತಿರವೆಂದು ಅದನ್ನೇ ಬಳಸುತ್ತಿದ್ದೆವು. ಕೇಸಿಗೆ ಹುರಿದ ಕಾಫಿ ಬೀಜದ ಬಣ್ಣ ಹಚ್ಚಿದರೆ ಮೂಲೆಯಿಂದ ಮೂಲೆಗೆ ಒಂದೇ ಸಮ. ಅದನ್ನು ಸುಳ್ಯದ ಕನ್ನಡಕದ ಅಂಗಡಿಯವರೊಬ್ಬರು ನೋಡಿ ಮೆಚ್ಚಿ, ನಲವತ್ತು ಬೇಕು, ಎಲ್ಲ ಒಂದೇ ಬಣ್ಣದಲ್ಲಿರಬೇಕು, ಏಪ್ರಿಲಿನ ವಿಷು ಹಬ್ಬದ ಮೊದಲು ಕೊಡಬೇಕು ಎಂದರು. ಗುರುಗಳಿಗೆ ಹೇಳಿದಾಗ ಅವರು ಕೈಯಲ್ಲಿದ್ದ ಕೇಸನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, ಇಷ್ಟು ವರ್ಷ ಜನ ತಮ್ಮ ಹತ್ತಿರ ಕಿತ್ತುಹೋದದ್ದನ್ನೇ ತಂದದ್ದು, ಹೊಸತು ಬೇಕೆಂದು ಕೇಳಿದ್ದು ಇದೇ ಮೊದಲು ಎಂದರು. ತಾನು ಮಾಡಿದ್ದು ಅಂಗಡಿಯ ಗಾಜಿನೊಳಗೆ ಕೂರುವುದನ್ನು ಒಮ್ಮೆ ನೋಡಬೇಕು ಎಂದೂ ಹೇಳಿದರು. ಅವರು ಬಾಯಿ ಬಿಟ್ಟು ಏನನ್ನಾದರೂ ಬೇಕೆಂದು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ ಎಂದು ಬರೆಯಹೊರಟಿದ್ದೆ. ಅಲ್ಲ, ಇನ್ನೊಂದು ಸಲವೂ ಇತ್ತು. ಅದು ಮುಂದೆ ಬರುತ್ತದೆ.

ಕೆಲಸ ಶುರುವಾದದ್ದು ಮಳೆ ಪೂರ್ತಿ ಹೋಗಿ ಡ್ರಮ್ಮು ಖಾಲಿಯಾದ ಮೇಲೆ. ಮೊದಲ ಹತ್ತು ಕೇಸು ಅಚ್ಚಿನಿಂದ ಬಿಡಿಸಿದಾಗ ಆಕಾರ ಚೆನ್ನಾಗಿತ್ತು. ಅಲ್ಲಲ್ಲಿ ಸ್ವಲ್ಪ ಮಬ್ಬು ಮಬ್ಬಾಗಿ ಕಂಡಿತು, ಗಮನಿಸಲಿಲ್ಲ. ಬಣ್ಣ ಹಚ್ಚಿದೆ. ಒಣಗಿದ ಮೇಲೆ ನೋಡಿದರೆ ಮುಚ್ಚಳದ ಮೇಲೆ ಕಪ್ಪು ಕಪ್ಪು ಮೋಡ. ಮೂಲೆಗಳಲ್ಲಿ, ಅಂಚಿನ ಮಡಿಕೆಯಲ್ಲಿ ಇನ್ನೂ ಕಪ್ಪು. ಒಂದು ಕೇಸು ಇನ್ನೊಂದರ ಹಾಗಿಲ್ಲ.

ನಾನು ಶಾಲೆಯವರು ಬಿಸಾಡಲಿದ್ದ ಒಂದು ಹಳೆಯ ಕರಿಹಲಗೆಯನ್ನು ತಂದು ಶೆಡ್ಡಿನ ಗೋಡೆಗೆ ಹಾಕಿಕೊಂಡಿದ್ದೆ. ಅದರ ಮೇಲೆ ಕಾರಣಗಳನ್ನು ಒಂದರ ಕೆಳಗೆ ಒಂದು ಬರೆದೆ. ಬಣ್ಣ. ಚರ್ಮ. ಬಿಸಿಲು. ಅಚ್ಚು. ಕೈ. ಒಂದೊಂದನ್ನೇ ಪರೀಕ್ಷೆ ಮಾಡಿ ಹೊಡೆದುಹಾಕುವುದೆಂದು ಗುರುಗಳಿಗೆ ವಿವರಿಸಿದೆ. ಅವರು ಹಲಗೆಯನ್ನು ನೋಡುತ್ತ ನಿಂತಿದ್ದರು. ಅವರಿಗೆ ಓದಲು ಬರುತ್ತದೆಯೋ ಇಲ್ಲವೋ ಎಂದು ನಾನು ಯೋಚಿಸಲೂ ಇಲ್ಲ.

ಬಣ್ಣದ ಬಾಟಲಿಯ ತಳದಲ್ಲಿ ಗಸಿ ಕೂತಿರಬಹುದೆಂದು ಚೆನ್ನಾಗಿ ಕುಲುಕಿ, ಬಟ್ಟೆಯಲ್ಲಿ ಸೋಸಿ ಹಚ್ಚಿದೆ. ಮೋಡ ಹಾಗೆಯೇ. ಹೊಸ ಬಾಟಲಿ ತರಿಸಿದೆ. ಹಾಗೆಯೇ. ಹೊಟ್ಟೆಯ ಭಾಗದ ಚರ್ಮ ಸಡಿಲ, ಬಣ್ಣ ಹೆಚ್ಚು ಕುಡಿಯುತ್ತದೆ ಎಂದು ಗುರುಗಳು ಹೇಳಿದ್ದರಿಂದ ಬೆನ್ನಿನ ಭಾಗವನ್ನಷ್ಟೇ ಕತ್ತರಿಸಿ ಮಾಡಿದೆವು. ಹಾಗೆಯೇ. ಬಿಸಿಲು ಬೀಳದ ಕಡೆ ಒಣಗಿಸಿದೆವು. ಅಚ್ಚನ್ನು ಉಜ್ಜಿ ಉಜ್ಜಿ ಹೊಸ ಮರದ ಹಾಗೆ ಮಾಡಿದೆವು. ಬಣ್ಣಕ್ಕೆ ಮೊದಲು ಇಡೀ ಕೇಸನ್ನು ಒದ್ದೆ ಬಟ್ಟೆಯಿಂದ ಒಂದೇ ಸಮ ತೇವ ಮಾಡಿದರೆ ಬಣ್ಣ ಸಮನಾಗಿ ಹಬ್ಬುತ್ತದೆ ಎಂದು ಎಲ್ಲೋ ಓದಿ ಅದನ್ನೂ ಮಾಡಿದೆ. ಆ ಸಲ ಕಪ್ಪು ಇನ್ನೂ ಹೆಚ್ಚಾಯಿತು. ಬಟ್ಟೆಯನ್ನು ಅದ್ದಿದ್ದು ಯಾವ ನೀರಿನಲ್ಲಿ ಎಂದು ನನಗೆ ಹೊಳೆಯಬೇಕಿತ್ತು. ಬಾಲ್ದಿಯ ಒಳಗೆ ಸುತ್ತಲೂ ಕೆಂಪು ಗೆರೆ ಕಟ್ಟಿದ್ದು ದಿನಾ ಕಣ್ಣಿಗೆ ಬೀಳುತ್ತಿತ್ತು.

ಹಲಗೆಯ ಮೇಲೆ ‘ನೀರು’ ಎಂದು ನಾನು ಬರೆದೇ ಇರಲಿಲ್ಲ.

ಒಂದು ಮಧ್ಯಾಹ್ನ ಗುರುಗಳು ಬಾಲ್ದಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೀರನ್ನು ಬೊಗಸೆಯಲ್ಲಿ ತೆಗೆದು ನೋಡಿದರು. ಮೂಸಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

“ಮಾಷ್ಟ್ರೆ, ಬಾವಿ ನೀರು ಒಂದು ಕೊಡಪಾನ ಸಿಕ್ಕಿದ್ರೆ ನೋಡ್ಬಹುದಿತ್ತು.”

ನಾನು ಬಾಗಿಲಿನಿಂದ ಹೊರಗೆ ನೋಡಿದೆ. ಅಂಗಳದ ಆಚೆ ನನ್ನ ಹೆಂಡತಿ ಬಾವಿಯಿಂದ ಸೇದಿ ಸೇದಿ ಮಲ್ಲಿಗೆಯ ಬುಡಕ್ಕೆ ಹೊಯ್ಯುತ್ತಿದ್ದಳು. ರಾಟೆಯ ಸದ್ದು ಇಬ್ಬರಿಗೂ ಕೇಳುತ್ತಿತ್ತು.

“ಬೇಸಿಗೆ ಅಲ್ವಾ, ಬಾವಿಯಲ್ಲಿ ನೀರು ಕಡಿಮೆ” ಎಂದೆ.

ಅವರು ಹೌದು ಹೌದು ಎಂದು ತಲೆಯಾಡಿಸಿದರು. ಅಷ್ಟೆ. ಆ ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಅದು ಸುಳ್ಳೆಂದು ನನಗೆ ಗೊತ್ತಾದದ್ದೇ ಎಷ್ಟೋ ಕಾಲದ ನಂತರ. ಅಮ್ಮನ ಮಾತನ್ನು ಮೀರಬಾರದು ಎಂದು ಯೋಚಿಸಿ ಹೇಳಿದ್ದೂ ಅಲ್ಲ. ಯೋಚಿಸಿದ್ದರೆ ವಾಸಿಯಿತ್ತು.

ಮುಂದಿನ ಸಲ ಅವರು ರೈಲಿನಲ್ಲಿ ಬರುವಾಗ ಐದು ಲೀಟರಿನ ಒಂದು ಕ್ಯಾನು ಹಿಡಿದುಕೊಂಡು ಬಂದರು. ತಮ್ಮ ಮನೆಯ ನೀರು. ನೆಟ್ಟಣದಿಂದ ಪುತ್ತೂರಿಗೆ, ಪುತ್ತೂರಿನಿಂದ ಬಸ್ಸಿನಲ್ಲಿ ನಿಂತುಕೊಂಡು, ಆ ಪ್ರಾಯದಲ್ಲಿ. ನನಗೆ ಕಂಡದ್ದು ಅದರ ತಮಾಷೆ ಮಾತ್ರ.

“ಎಂತ ಮಾರಾಯ್ರೆ, ನಮ್ಮ ನೀರು ನಿಮಗೆ ಆಗುದಿಲ್ವಾ?” ಎಂದು ಕೇಳಿ ನಕ್ಕೆ.

ಅವರೂ ನಕ್ಕರು. ಈ ಪ್ರಶ್ನೆಯನ್ನು ಯಾರು ಯಾರಿಗೆ ಕೇಳುವುದು! ಅವರ ಚಹಾದ ಗ್ಲಾಸು ಶೆಡ್ಡಿನಲ್ಲಿ ಸಾಮಾನು ಇಡುವ ಅಡ್ಡಹಲಗೆಯ ಮೇಲೆಯೇ ಇರುತ್ತಿತ್ತು. ಅವರೇ ಅದನ್ನು ಬೋರ್‌ನ ನಲ್ಲಿಯಲ್ಲಿ ತೊಳೆದು ಬೋರಲು ಹಾಕಿ ಹೋಗುತ್ತಿದ್ದರು. ನಾನು ಚಹಾ ಕುಡಿಯಲು ಮನೆಯೊಳಗೆ ಹೋಗುತ್ತಿದ್ದೆ. ಇದನ್ನೆಲ್ಲ ಯಾರೂ ಕೂತು ನಿಯಮ ಮಾಡಿದ್ದಲ್ಲ. ಅದು ಹಾಗೆಯೇ ನಡೆಯುತ್ತಿತ್ತು, ‘ನೀವು’ ಎನ್ನುವ ಮರ್ಯಾದೆಯ ಜೊತೆಗೇ.

ಆ ಕ್ಯಾನಿನ ನೀರಿನಲ್ಲಿ ಅವರು ಎಂಟು ಕೇಸು ಮಾಡಿದರು. ಎಂಟೂ ಸ್ವಚ್ಛವಾಗಿ ಬಂದವು. ಕಾಫಿ ಬೀಜದ ಬಣ್ಣ, ಒಂದು ಚುಕ್ಕಿ ಕಪ್ಪಿಲ್ಲ. ಕಣ್ಣೆದುರೇ ಉತ್ತರ ಕೂತಿತ್ತು. ನಾನು ಅದನ್ನು ಹೇಗೆ ಓದಿದೆ ಗೊತ್ತೇ? ಆ ದಿನ ಸೋಮವಾರ. ಅವರು ತಲೆಗೆ ಸ್ನಾನ ಮಾಡಿ ಬಂದಿದ್ದರು, ಕೂದಲಿಗೆ ಎಣ್ಣೆ ಹಾಕಿರಲಿಲ್ಲ. ಅವರಿಗೆ ಯೋಚನೆ ಮಾಡುವಾಗ ಅಂಗೈಯಿಂದ ತಲೆ ಸವರಿಕೊಳ್ಳುವ ಅಭ್ಯಾಸವಿತ್ತು. ತೆಂಗಿನೆಣ್ಣೆ ಕೈಗೆ, ಕೈಯಿಂದ ಚರ್ಮಕ್ಕೆ! ನನಗೆ ಕಳ್ಳ ಸಿಕ್ಕಿದ. ಹಲಗೆಯ ಹತ್ತಿರ ಹೋಗಿ ಉಳಿದ ನಾಲ್ಕನ್ನೂ ಹೊಡೆದುಹಾಕಿ ‘ಕೈ’ ಎಂಬುದಕ್ಕೆ ಸುತ್ತು ಹಾಕಿದೆ. ನನ್ನ ತಲೆಯಲ್ಲೂ ಅದೇ ತೆಂಗಿನೆಣ್ಣೆ ಇತ್ತು, ಬೆಳಿಗ್ಗೆ ಹಾಕಿದ್ದು.

ಇನ್ನು ಮುಂದೆ ಎಣ್ಣೆ ಹಾಕಿ ಬರಬೇಡಿ, ಚರ್ಮ ಮುಟ್ಟುವ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ ಎಂದು ಹೇಳಿದೆ. ಅವರು ಹಾಗೆಯೇ ಮಾಡಿದರು. ಕ್ಯಾನು ಮಾತ್ರ ಮತ್ತೆ ತರಲಿಲ್ಲ. ನಾನು ನಕ್ಕದ್ದಕ್ಕಿರಬೇಕು, ಅಥವಾ ಭಾರಕ್ಕೂ ಇರಬಹುದು. ಕೇಳಲಿಲ್ಲ. ಖಾಲಿ ಕ್ಯಾನು ಶೆಡ್ಡಿನ ಮೊಳೆಯಲ್ಲಿ ತೂಗುತ್ತಿತ್ತು.

ಅವರು ಎಣ್ಣೆಯಿಲ್ಲದ ತಲೆಯಲ್ಲಿ ಬಂದರು, ಕೈ ತೊಳೆದರು, ಅದೇ ಬೋರ್ ನೀರಿನಲ್ಲಿ. ಮುಂದಿನ ಹನ್ನೆರಡು ಕೇಸು ಮೊದಲಿನವಕ್ಕಿಂತ ಕಪ್ಪು.

ಸುಳ್ಯದ ಅಂಗಡಿಯವರು ಅದೇ ವಾರ ನೋಡಿಕೊಂಡು ಹೋಗಲು ಬಂದರು. ಕೇಸುಗಳನ್ನು ಒಂದೊಂದೇ ತೆಗೆದು ಬೆಳಕಿಗೆ ಹಿಡಿದು ನೋಡಿದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಗಿರಾಕಿಗಳು ಹಳೆಯ ಮಾಲು ಎಂದುಕೊಳ್ಳುತ್ತಾರೆ ಎಂದಷ್ಟೇ ಹೇಳಿದರು. ನನಗೆ ಅವಮಾನವಾಯಿತು. ಅವಮಾನವಾದಾಗ ನನ್ನ ಬಾಯಿ ಶಾಲೆಯ ದಿನಗಳಿಗೆ ಹೋಗುತ್ತದೆ.

“ನಾನು ಎಂತ ಮಾಡುದು? ಇವರ ಕೈಯ ಎಣ್ಣೆ ಅದು. ಎಷ್ಟು ಸಲ ಹೇಳಿದ್ರೂ ಅಷ್ಟೇ, ಇವರಿಗೆ ಸ್ವಚ್ಛ ಅಂದ್ರೆ ಎಂತ ಅಂತ ಗೊತ್ತಿಲ್ಲ.”

ಗುರುಗಳು ಅಚ್ಚಿನ ಹತ್ತಿರ ಕೂತಿದ್ದರು. ಒಂದು ಕೇಸನ್ನು ಕೈಗೆತ್ತಿಕೊಂಡರು.

“ಎಣ್ಣೆ ತಾಗಿದ್ರೆ ಬಣ್ಣ ಹಿಡಿಯುದಿಲ್ಲ ಮಾಷ್ಟ್ರೆ. ಅಲ್ಲಿ ಬಿಳಿಚಿಕೊಂಡು ಕಾಣ್ಬೇಕು. ಇದು ಕಪ್ಪು ಉಂಟಲ್ಲ?”

ಅದು ಸರಿಯಾದ ಮಾತು. ಚರ್ಮ ಮುಟ್ಟಿದ ಯಾರಿಗಾದರೂ ಗೊತ್ತಿರುವ ಮಾತು. ನನಗೂ ಗೊತ್ತಿತ್ತು. ಆದರೆ ಹೊರಗಿನವರ ಎದುರು ಅವರು ನನ್ನನ್ನು ತಿದ್ದಿದ್ದು ನನಗೆ ತಡೆಯಲಾಗಲಿಲ್ಲ. “ಹಾಗಾದ್ರೆ ನನ್ನ ಕೈಯಾ?” ಎಂದು ಕೇಳಿದೆ. ಅವರು ಕೇಸನ್ನು ಕೆಳಗಿಟ್ಟರು. ಅಂಗಡಿಯವರು ಗಡಿಯಾರ ನೋಡಿಕೊಂಡು, ಮತ್ತೆ ಫೋನು ಮಾಡುತ್ತೇನೆ ಎಂದು ಹೊರಟರು. ಗುರುಗಳು ತಮ್ಮ ಉಳಿ, ಸೂಜಿ, ಒತ್ತುವ ಕೊಂಬಿನ ತುಂಡು ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿದರು. ಚಹಾದ ಗ್ಲಾಸನ್ನು ತೊಳೆದು ಬೋರಲು ಹಾಕಿದರು. ರೈಲಿಗೆ ಹೊತ್ತಾಯಿತು ಎಂದರು. ರೈಲಿಗೆ ಇನ್ನೂ ಮೂರು ಗಂಟೆಯಿತ್ತು.

ಅವರು ಮತ್ತೆ ಬರಲಿಲ್ಲ. ನಾನು ಫೋನು ಮಾಡಲಿಲ್ಲ. ಸಿಟ್ಟು ಇಳಿದ ಮೇಲೆ ಹಟ ಕೂತಿತು. ಹಟ ಇಳಿಯುವಾಗ ತಡವಾಗಿತ್ತು, ತಡವಾದ ಮೇಲೆ ನಾಚಿಕೆ. ಸುಳ್ಯದವರೂ ಫೋನು ಮಾಡಲಿಲ್ಲ. ವಿಷು ಬಂದು ಹೋಯಿತು. ನೆಲ ಡೊಂಕು ಎಂದವನಿಗೆ ಕುಣಿಯಲು ಅಂಗಳವೇ ಉಳಿಯಲಿಲ್ಲ. ಒಬ್ಬನೇ ನಾಲ್ಕಾರು ತಿಂಗಳು ಏನೇನೋ ಮಾಡಿ, ಶೆಡ್ಡಿನ ಬಾಗಿಲು ಹಾಕಿದೆ.

ಮೂರು ವರ್ಷ ಕಳೆಯಿತು.

ಕಳೆದ ಬೇಸಿಗೆಯಲ್ಲಿ ಒಂದು ದಿನ ನನ್ನ ಹೆಂಡತಿ ಹಿಂದಿನ ಜಗಲಿಯಲ್ಲಿ ಕೂತು ತುಕ್ಕು ಹಿಡಿದ, ತರಕಾರಿ ಹೆಚ್ಚುವ ಮೆಟ್ಟುಕತ್ತಿಯನ್ನು ಬಿಂಬುಳಿಕಾಯಿ ಹಾಕಿ ಉಜ್ಜುತ್ತಿದ್ದಳು. ಬಿಂಬುಳಿಯ ಹುಳಿಗೆ ತುಕ್ಕು ಬಿಡುವುದು ನಮ್ಮ ಕಡೆ ಎಲ್ಲ ಹೆಂಗಸರಿಗೂ ಗೊತ್ತು. ಪಕ್ಕದಲ್ಲಿ ಅವಳ ಸೂಜಿ-ನೂಲಿನ ಡಬ್ಬಿ ಇತ್ತು. ಡಬ್ಬಿಯೆಂದರೆ ನಮ್ಮ ಕೆಟ್ಟುಹೋದ ಕನ್ನಡಕದ ಕೇಸುಗಳಲ್ಲಿ ಒಂದು. ಬಿಸಾಡಲು ಮನಸ್ಸಾಗದೆ ಅವಳು ಇಟ್ಟುಕೊಂಡಿದ್ದಳು. ಬಿಂಬುಳಿಯ ರಸ ಅದರ ಮುಚ್ಚಳದ ಮೇಲೆ ಸಿಡಿದಿತ್ತು. ಸಂಜೆ ನೋಡುತ್ತೇನೆ, ಕಪ್ಪು ಮೋಡದ ನಡುವೆ ನಾಲ್ಕು ಚುಕ್ಕಿ ಸ್ವಚ್ಛ ಕಂದು. ಬಣ್ಣ ಹೋಗಿರಲಿಲ್ಲ. ಕಪ್ಪು ಮಾತ್ರ ಹೋಗಿತ್ತು.

ಬಿಂಬುಳಿಗೆ ಎಣ್ಣೆಯ ಕಲೆ ಹೋಗುತ್ತದೆಯೇ ಎಂದು ಅವಳನ್ನು ಕೇಳಿದೆ. ಎಣ್ಣೆಗೆ ಎಂತಕ್ಕೆ ಹಾಕುತ್ತಾರೆ, ತುಕ್ಕಿಗೆ ಹಾಕುವುದು ಎಂದಳು. ನನ್ನ ಬಿಳಿ ಪಂಚೆಯನ್ನು ಒಮ್ಮೆ ಕೆಲಸದವಳು ತಪ್ಪಿ ಬೋರ್ ನೀರಿನಲ್ಲಿ ಒಗೆದು ಕೆಂಪು ಕಲೆಯಾದಾಗ ತಾನು ಬಿಂಬುಳಿ ಹಾಕಿಯೇ ತೆಗೆದದ್ದು, ಅದು ಕಬ್ಬಿಣದ ನೀರು, ಮನೆಯಲ್ಲಿ ಅದನ್ನು ಬಟ್ಟೆಗೂ ಚಹಾಕ್ಕೂ ಮುಟ್ಟಿಸುವುದಿಲ್ಲ ಎಂದು ನಿಮಗೆ ಗೊತ್ತಿಲ್ಲವಾ ಎಂದಳು.

ಗೊತ್ತಿತ್ತು. ನಮ್ಮ ಪಂಚೆಗೆ ಆಗದ ನೀರು, ನಮ್ಮ ಚಹಾಕ್ಕೆ ಆಗದ ನೀರು. ಅದನ್ನು ಆ ಮನುಷ್ಯನ ಬಾಲ್ದಿಗೆ ತುಂಬಿಸಿ, ಕಲೆ ಯಾಕೆ ಬಂತೆಂದು ಹಲಗೆಯ ಮೇಲೆ ಬರೆಯುತ್ತ ನಿಂತಿದ್ದೆ.

ಮರುದಿನ ಶೆಡ್ಡಿನ ಬಾಗಿಲು ತೆಗೆದೆ. ಒಂದು ಗ್ಲಾಸು ಬೋರ್ ನೀರಿಗೆ ಚಹಾದ ಡಿಕಾಕ್ಷನ್ ಹೊಯ್ದೆ. ಶಾಯಿಯ ಹಾಗೆ ಕಪ್ಪಾಯಿತು. ಚಹಾದ ಒಗರೂ ಈ ಚರ್ಮವನ್ನು ಹದ ಮಾಡುವ ತೊಗಟೆಯ ಒಗರೂ ಒಂದೇ ಜಾತಿಯದು. ಆ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಎರಡು ತುಂಡು ಚರ್ಮ ನೆನೆಸಿದೆ, ಒಂದನ್ನು ಬೋರ್ ನೀರಿನಲ್ಲಿ, ಒಂದನ್ನು ಬಾವಿ ನೀರಿನಲ್ಲಿ. ಬಾವಿ ನೀರಿಗೆ ಶೆಡ್ಡಿನ ಬಾಲ್ದಿಯನ್ನೇ ತೆಗೆದುಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಇಟ್ಟೆ. ಆಕಾಶವೇನೂ ಬೀಳಲಿಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಗುರುಗಳು ಒಂದು ಕೊಡಪಾನ ನೀರು ಕೇಳಿದ ವಿಷಯ ಅವಳಿಗೆ ಹೇಳಿದೆ. ಅಮ್ಮ ಹಾಗೆ ಹೇಳಿದ್ದರಲ್ಲ, ಅದಕ್ಕೇ ಕೊಡಲಿಲ್ಲ ಎಂದೂ ಹೇಳಿದೆ.

“ಅತ್ತೆ ಹೋಗಿ ಎಷ್ಟು ಸಮಯ ಆಗಿತ್ತು ಆಗ? ನೀವು ಒಂದು ಮಾತು ಕೇಳಿದ್ರೆ ನಾನು ಬೇಡ ಹೇಳ್ತಿದ್ದೆನಾ?”

ತಪ್ಪನ್ನು ಸತ್ತ ಅಮ್ಮನ ಮೇಲೆ ಹಾಕಲು ಹೊರಟಿದ್ದೆ ನಾನು. ಅದೂ ಕೈ ತಪ್ಪಿತು. ಬಾವಿ ನೀರಿನ ತುಂಡಿಗೆ ಬಣ್ಣ ಹಚ್ಚಿದಾಗ ಅದು ಮಳೆಗಾಲದ ಕೇಸುಗಳಷ್ಟೇ ಚೆನ್ನಾಗಿ ಬಂತು. ತಲೆಯೆತ್ತಿದರೆ ಎದುರಿಗೆ ಕರಿಹಲಗೆ. ಮೂರು ವರ್ಷದ ಧೂಳಿನಡಿಯಲ್ಲಿ ‘ಕೈ’ ಮತ್ತು ಅದರ ಸುತ್ತಿನ ವೃತ್ತ. ಗುರುಗಳು ಸುಳ್ಯದ ಅಂಗಡಿಯ ಹೆಸರನ್ನು ಅಲ್ಲಿಂದ ಬಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲಿನಿಂದ ಅಕ್ಷರ ಅಕ್ಷರವಾಗಿ ಓದಿ ನನಗೆ ಹೇಳಿದ್ದು ಆಗ ನೆನಪಾಯಿತು. ಅವರಿಗೆ ಓದಲು ಬರುತ್ತಿತ್ತು. ಆ ವೃತ್ತದ ಎದುರು ಅವರು ಆಮೇಲೆ ಎಷ್ಟು ದಿನ ಕೂತು ಕೆಲಸ ಮಾಡಿದರೋ.

ಬೆಳಗಿನ ರೈಲು ಹತ್ತಿ ನೆಟ್ಟಣಕ್ಕೆ ಹೋದೆ. ಮರದ ಬುಡ ಖಾಲಿ. ಚಹಾದಂಗಡಿಯವರು, ಅವರಿಗೆ ಕಣ್ಣು ಮಂದವಾಗಿ ಒಂದು ವರ್ಷವಾಯಿತು, ಈಗ ಬರುವುದಿಲ್ಲ ಎಂದು ಹೇಳಿ ಮನೆಯ ಗುರುತು ಕೊಟ್ಟರು. ಕಡಬದ ದಾರಿಯಲ್ಲಿ ಆಟೋದಲ್ಲಿ ಹೋಗಿ ಇಳಿದೆ. ಸಣ್ಣ ಹಂಚಿನ ಮನೆ, ಗುಡಿಸಿದ ಅಂಗಳ, ಅಂಗಳದಲ್ಲೇ ಕಲ್ಲು ಕಟ್ಟಿದ ಬಾವಿ. ಅವರು ಜಗಲಿಯಲ್ಲಿ ಕೂತಿದ್ದರು. ನನ್ನನ್ನು ಮುಖ ನೋಡಿ ಅಲ್ಲ, ಸ್ವರ ಕೇಳಿ ಗುರುತು ಹಿಡಿದು, ಎದ್ದು ನಿಂತು ಕುರ್ಚಿ ತರಿಸಿದರು. ಕನ್ನಡಕ ಹಾಕಿಕೊಳ್ಳಲು ಪಕ್ಕದಿಂದ ಒಂದು ಕೇಸು ತೆಗೆದರು. ನಮ್ಮದೇ ಅಚ್ಚಿನ ಆಕಾರ. ಅಚ್ಚಿಲ್ಲದೆ ಅಂದಾಜಿನಲ್ಲಿ ಮಾಡಿದ್ದು. ಮೂಲೆಯಿಂದ ಮೂಲೆಗೆ ಒಂದೇ ಬಣ್ಣ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಕಲೆ ನೀರಿನದ್ದು, ನಿಮ್ಮ ಕೈಯದ್ದಲ್ಲ, ತಪ್ಪು ನನ್ನದು, ಅವತ್ತು ಹೊರಗಿನವರ ಎದುರು ಹಾಗೆ ಹೇಳಬಾರದಿತ್ತು ಎಂದೆ. ಅವರು ಆಶ್ಚರ್ಯಪಡಲಿಲ್ಲ.

“ನೀರಿನದ್ದು ಅಂತ ಆಗಲೇ ಗೊತ್ತಿತ್ತು ಮಾಷ್ಟ್ರೆ.”

ಮತ್ತೆ ಯಾಕೆ ಬಿಡಿಸಿ ಹೇಳಲಿಲ್ಲ ಎಂದು ಕೇಳಿದೆ. ನನ್ನ ಸ್ವರದಲ್ಲಿ ಆಗಲೂ ಸ್ವಲ್ಪ ಮಾಷ್ಟ್ರು ಇದ್ದ.

“ಒಂದು ಸಲ ಹೇಳಿದೆ ಅಲ್ವಾ. ಎರಡನೇ ಸಲ ಹೇಳಿದ್ರೆ ನೀರು ಕೇಳಿದ ಹಾಗೆ ಆಗುದಿಲ್ಲ. ಬಾವಿ ಕೇಳಿದ ಹಾಗೆ ಆಗ್ತದೆ.”

ಮತ್ತೆ ಬನ್ನಿ, ಬಾವಿ ನೀರಿನಲ್ಲೇ ಮಾಡುವ, ಸುಳ್ಯದವರನ್ನು ನಾನೇ ಹೋಗಿ ಕೇಳುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿ, ಸೂಜಿಯ ಕಣ್ಣು ಈಗ ಕಾಣುವುದಿಲ್ಲ, ಬೆರಳಿಗೂ ಬಲವಿಲ್ಲ ಎಂದರು. ಅಂಗಡಿಯ ಗಾಜಿನೊಳಗೆ ನೋಡುವ ಆಸೆಯ ಬಗ್ಗೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ನಾನು ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ.

ಅವರು ಒಳಗೆ ತಿರುಗಿ, ಮಾಷ್ಟ್ರಿಗೆ ಒಂದು ಎಳನೀರಿನ ಬೊಂಡ ಕೆತ್ತಿ ಕೊಡು ಎಂದು ಹೆಂಡತಿಗೆ ಹೇಳಿದರು. ನಮ್ಮ ಊರಿನಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಬೆಲ್ಲ ಮತ್ತು ನೀರು. ಬೊಂಡವನ್ನು ಯಾರ ಮನೆಯಲ್ಲಿ ಯಾರಿಗೆ ಯಾಕೆ ಕೊಡುತ್ತಾರೆಂಬುದು ನನ್ನ ವಯಸ್ಸಿನವರಿಗೆಲ್ಲ ಗೊತ್ತು. ಮನೆಯ ಪಾತ್ರೆ, ಮನೆಯ ನೀರು ಯಾವುದೂ ತಾಗದ ವಸ್ತು ಅದು.

“ಬೊಂಡ ಬೇಡ. ನೀರು ಸಾಕು” ಎಂದೆ.

ಕತ್ತಿ ಹಿಡಿದು ಹೊರಗೆ ಬಂದ ಅವರ ಹೆಂಡತಿ ಗಂಡನ ಮುಖ ನೋಡಿದರು. ಗುರುಗಳು ನನ್ನ ಕಡೆ ನೋಡಿದರು, ಅವರಿಗೆ ಎಷ್ಟು ಕಾಣುತ್ತಿತ್ತೋ.

“ಬೇಸಿಗೆ ಅಲ್ವಾ ಮಾಷ್ಟ್ರೆ” ಎಂದರು. “ಬಾವಿಯಲ್ಲಿ ನೀರು ಕಡಿಮೆ.”

ಸ್ವರದಲ್ಲಿ ಕೊಂಕಿರಲಿಲ್ಲ. ನನ್ನನ್ನು ಸಂಕಟದಿಂದ ಪಾರು ಮಾಡಲು ಹೇಳಿದರೋ, ಮೂರು ವರ್ಷದಿಂದ ಇಟ್ಟುಕೊಂಡದ್ದನ್ನು ಹಿಂತಿರುಗಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಇನ್ನೊಮ್ಮೆ ಕೇಳಬಹುದಿತ್ತು. ಬಾಯಿ ಬರಲಿಲ್ಲ. ಎರಡನೇ ಸಲ ಕೇಳುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಬೊಂಡ ಕುಡಿದೆ. ಸಿಹಿಯಾಗಿಯೇ ಇತ್ತು.

ಹೊರಡುವಾಗ ಬಾವಿಯ ಪಕ್ಕದಲ್ಲೇ ದಾರಿ. ಬಗ್ಗಿ ನೋಡಬಾರದೆಂದುಕೊಂಡರೂ ಕಣ್ಣು ಹೋಯಿತು. ಹಗ್ಗ ಇನ್ನೂ ಒದ್ದೆಯಾಗಿತ್ತು. ಬಾವಿಯಲ್ಲಿ ನೀರು ಬೇಕಾದಷ್ಟಿತ್ತು, ಅವರು ನೀರು ಕೇಳಿದ ವರ್ಷ ನಮ್ಮ ಬಾವಿಯಲ್ಲಿ ಇದ್ದಷ್ಟೇ.